ದೊಡ್ಡಮ್ಮನನ್ನು ಅಳಿಸಿದ ಕೆಂಪು ದೀಪ

ಏಳು ವರ್ಷದ ಹಿಂದೆ, ಒಂದು ಭಾನುವಾರ ಬೆಳಗ್ಗೆ ಹನ್ನೊಂದೂಕಾಲಿಗೆ, ಲಷ್ಕರ್ ಮೊಹಲ್ಲಾದ ನಮ್ಮ ಮನೆಯ ಬಚ್ಚಲಿನಲ್ಲಿ, ನಲ್ಲಿಗೂ ಬಾಗಿಲಿಗೂ ನಡುವೆ ನಿಂತಿದ್ದೆ. ಕೈಯಲ್ಲಿ ನಾನೇ ಮೊದಲ ಸಲ ತೊಳೆದ ಫಿಲ್ಮು. ಮೂವತ್ತಾರು ಚಿತ್ರವಿರಬೇಕಾದ ಪಟ್ಟಿ ತುದಿಯಿಂದ ತುದಿಗೆ ಕಪ್ಪಾಗಿತ್ತು. ಬೆಳಕಿಗೆ ಹಿಡಿದೆ, ತಿರುಗಿಸಿ ಹಿಡಿದೆ. ಏನೂ ಇರಲಿಲ್ಲ.

ಅದರಲ್ಲಿ ಇರಬೇಕಾಗಿದ್ದವರು ನಮ್ಮ ಜೊತೆಯಲ್ಲೇ ಇರುವ ದೊಡ್ಡಮ್ಮ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಸಾಮಾನನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ಕ್ಯಾಮೆರಾ ಕಂಡರೆ ಸೆರಗು ಅಡ್ಡ ಹಿಡಿಯುವವರು. ಮನೆಯ ಯಾವ ಮದುವೆ ಆಲ್ಬಮ್ಮಿನಲ್ಲೂ ಅವರ ಮುಖವಿಲ್ಲ. ನಾನು ತಿಂಗಳುಗಟ್ಟಲೆ ಕೇಳಿದ ಮೇಲೆ, ಒಂದೇ ಸಲ ಎಂದು ಹೇಳಿ, ಹಿಂದಿನ ದಿನ ಕಿಟಕಿಯ ಬಳಿ ಕೂತಿದ್ದರು.

ಕ್ಯಾಮೆರಾ ಕೆಟ್ಟಿತ್ತು ಎಂದುಬಿಡೋಣವೆಂದು ಯೋಚಿಸಿದ್ದು ನಿಜ. ಅಷ್ಟರಲ್ಲಿ ಅವರೇ ಬಾಗಿಲಿಗೆ ಬಂದು ಪಟ್ಟಿಯನ್ನು ಇಸಿದುಕೊಂಡರು.

“ಕಪ್ಪಗಿದ್ದೀನಿ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ ಕಣೋ.”

ನನ್ನ ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು. ದೊಡ್ಡಮ್ಮ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಮೊದಲಿನಿಂದ ಏನೇನು ಮಾಡಿದೆ ಹೇಳು ಎಂದರು. ಕೆಟ್ಟ ಸಾಮಾನು ಬಂದರೆ ಕಾರ್ಖಾನೆಯಲ್ಲಿ ಅವರು ಹಾಗೇ ಕೇಳುತ್ತಿದ್ದರಂತೆ. ಬೈಯುವುದು ಆಮೇಲೆ. ಬಾಗಿಲ ಸಂದಿಗೆ ಟವೆಲು ತುರುಕಿದ್ದು, ಡಬ್ಬಿಯಿಂದ ಫಿಲ್ಮು ಬಿಚ್ಚಿ, ತೊಳೆಯುವ ದ್ರಾವಣದಲ್ಲಿ ಮುಳುಗಿಸುವ ರೀಲಿಗೆ ಸುತ್ತಿದ್ದು, ಕಾಣಲೆಂದು ದೇವರ ಮನೆಯ ಕೆಂಪು ಜೀರೋ ಬಲ್ಬನ್ನು ತಂದು ಹಾಕಿಕೊಂಡಿದ್ದು, ಎಲ್ಲ ಹೇಳಿದೆ.

“ಬೆಳಕಿಗೆ ಕೆಡೋ ಸಾಮಾನು ಅಂತೀಯ. ದೀಪ ಹಾಕ್ಕೊಂಡು ಕೂತಿದ್ದೆ ಅಂತೀಯ.”

“ಕೆಂಪು ದೀಪ, ದೊಡ್ಡಮ್ಮ.”

“ಕೆಂಪು ದೀಪ ದೀಪ ಅಲ್ವೇನೋ?”

ಚಿಕ್ಕಂದಿನಲ್ಲಿ ಸ್ಟುಡಿಯೊ ಒಂದರ ಕತ್ತಲೆಕೋಣೆಯಲ್ಲಿ ಕೆಂಪು ದೀಪ ನೋಡಿದ್ದೆ. ಅಲ್ಲಿ ಕಾಗದದ ಮೇಲೆ ಚಿತ್ರ ಮೂಡಿಸುತ್ತಿದ್ದರು. ಆ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ. ಫಿಲ್ಮಿಗೆ ತಾಗುತ್ತದೆ. ಫಿಲ್ಮು ತೊಳೆಯುವುದನ್ನು ಕಲಿಯಲು ತಂದಿದ್ದ ಪುಸ್ತಕ ತೆಗೆದು ನೋಡಿದರೆ ಎರಡನೆಯ ಪುಟದಲ್ಲೇ ಬರೆದಿತ್ತು.

ಇನ್ನೊಮ್ಮೆ ಕೂರುತ್ತೀರಾ ಎಂದು ಕೇಳಲು ನನಗೆ ನಾಲ್ಕು ದಿನ ಬೇಕಾಯಿತು. ದೊಡ್ಡಮ್ಮ ಒಂದು ಷರತ್ತು ಹಾಕಿದರು. ಹಾಳಾದ ಅದೇ ಫಿಲ್ಮನ್ನು ಕಣ್ಣು ಮುಚ್ಚಿಕೊಂಡು, ಅವರ ಎದುರು, ಹತ್ತು ಸಲ ತಪ್ಪಿಲ್ಲದೆ ರೀಲಿಗೆ ಸುತ್ತಬೇಕು. ಏಳನೆಯದರಲ್ಲಿ ಅಂಚು ಸಿಕ್ಕಿಕೊಂಡಿತು. ಮತ್ತೆ ಒಂದರಿಂದ ಎಣಿಸಿದರು. ವಾರದ ಕೊನೆಗೆ ಪಾಸಾದೆ.

ಎರಡನೆಯ ಫಿಲ್ಮನ್ನು ಪೂರ್ತಿ ಕತ್ತಲಲ್ಲಿ ಸುತ್ತಿ, ತೊಳೆದು, ಒಂದು ಶನಿವಾರ ಮೂರೂವರೆಗೆ ಹಿತ್ತಿಲ ಬಾಗಿಲಲ್ಲಿ ಎತ್ತಿ ಹಿಡಿದೆ. ನೆಗೆಟಿವಿನಲ್ಲಿ ಬೆಳ್ಳಗಿರುವುದೇ ಕಪ್ಪಾಗಿ ಮೂಡುತ್ತದೆ: ಮುಖ ಕಪ್ಪು, ನರೆತ ಕೂದಲು ಇನ್ನೂ ಕಪ್ಪು, ಮೂಗುತಿಯ ಜಾಗದಲ್ಲಿ ಒಂದು ಚುಕ್ಕೆ. ಮೂವತ್ತಾರರಲ್ಲಿ ಒಂದರಲ್ಲೂ ಸೆರಗು ಅಡ್ಡ ಇರಲಿಲ್ಲ. ದೊಡ್ಡಮ್ಮ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿ, ಐದನ್ನು ತಿರಸ್ಕರಿಸಿದರು.

ನಾನಲ್ಲದೆ ಅವತ್ತು ಆ ಪಟ್ಟಿಯನ್ನು ಕಂಡವರು ಇಬ್ಬರು: ಪಟ್ಟಿಯ ಕೆಳತುದಿ ಹಿಡಿದಿದ್ದ ನನ್ನ ಹೆಂಡತಿ, ಮತ್ತು ದೊಡ್ಡಮ್ಮ. ನಂಬಿಕೆ ಬಾರದಿದ್ದರೆ ಕೇಳಬಹುದು, ಇಬ್ಬರೂ ಇದ್ದಾರೆ. ದೊಡ್ಡಮ್ಮನಿಗೆ ಈಗ ಎಂಬತ್ತೆರಡು.