ರಘುವಿನ ಹೋಟೆಲಿನ ದೋಸೆ

ನಮ್ಮೂರಿನಿಂದ ಬೊಂಬಾಯಿ ಬಸ್ಸು ಹತ್ತುವವರ ಕೈಯಲ್ಲಿ ಇನ್ನೊಬ್ಬರ ಮನೆಯ ಕಟ್ಟೊಂದು ಇದ್ದೇ ಇರುತ್ತದೆ. ನನ್ನ ಕೈಯಲ್ಲಿದ್ದದ್ದು ಪೆರ್ಡೂರಿನ ನೆರೆಮನೆಯ ಕಮಲಕ್ಕ ಕೊಟ್ಟ ದೇವಸ್ಥಾನದ ಬಾಳೆಹಣ್ಣಿನ ಪ್ರಸಾದ. "ನನ್ನ ಮಗ ರಘುವಿನ ಹೋಟೆಲಿಗೆ ಮುಟ್ಟಿಸಿ ಮಾಷ್ಟ್ರೇ. ಅಲ್ಲೇ ದೋಸೆ ತಿಂದು ಬನ್ನಿ" ಎಂದಿದ್ದರು.

ಸಂಜೆ ಹುಡುಕಿಕೊಂಡು ಹೋಗಿ ಬಾಗಿಲು ತಳ್ಳಿದೆ. ಕೆಂಪು ದೀಪ, ಬ್ರಾಂದಿಯ ವಾಸನೆ, ಕಿವಿ ಒಡೆಯುವ ಹಾಡು. ಮಿರುಗುವ ಸೀರೆಯುಟ್ಟು ಕುಣಿಯುತ್ತಿದ್ದ ಹೆಂಗಸರ ಮೇಲೆ ಗಿರಾಕಿಗಳು ನೋಟು ಎಸೆಯುತ್ತಿದ್ದರು. ಬಾಗಿಲು ತಪ್ಪಿತೆಂದು ತಿರುಗುವಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ರಘುವೇ ಎದ್ದು ಬಂದ. ಬೂಟು ಕಳಚಿ, ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಹಾಡು ನಿಲ್ಲಿಸಿದ. ಕುಣಿಯುತ್ತಿದ್ದವರು ತಲೆಗೆ ಸೆರಗೆಳೆದುಕೊಂಡು ಬಂದು, ಬಸ್ಸಿನ ಸೆಕೆಗೆ ಕಪ್ಪಾಗಿದ್ದ ಹಣ್ಣಿನ ತುಂಡಿಗೆ ಅಂಗೈ ಒಡ್ಡಿದರು.

ರಘು ಎದುರಿನ ಹೋಟೆಲಿನಿಂದ ಮಸಾಲೆ ದೋಸೆ ತರಿಸಿ, ಮೇಜಿನ ಮೇಲಿದ್ದ ಗ್ಲಾಸುಗಳನ್ನು ತಾನೇ ಸರಿಸಿ, ನನ್ನ ಮುಂದಿಟ್ಟ.

"ತಿನ್ನಿ ಮಾಷ್ಟ್ರೇ. ಅಮ್ಮ ಕೇಳಿಯೇ ಕೇಳ್ತಾರೆ. ರಘುವಿನ ಹೋಟೆಲಿನಲ್ಲೇ ದೋಸೆ ತಿಂದೆ ಅಂತ ಹೇಳಿ. ಸುಳ್ಳಾಗುವುದಿಲ್ಲ, ಅಲ್ವಾ?"