ಹಲೀಮಾಬಿಗೆ ಉಲ್ಲೇಖವಿಲ್ಲ

ಸವಣೂರಿನ ಬಸ್ ನಿಲ್ದಾಣದ ಎದುರು, ಖಾರ ಎನ್ನುವ ಕುರುಕಲು ತಿಂಡಿಯ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಅದನ್ನು ನಡೆಸುವವಳು ವಾಣಿಶ್ರೀ. ತಡಸದಲ್ಲಿ ಹುಟ್ಟಿ, ಪಿಯುಸಿ ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸಾಗಿ, ಸವಣೂರಿಗೆ ಸೊಸೆಯಾಗಿ ಬಂದವಳು. ಗಂಡ ಶಂಭುಲಿಂಗ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಮದುವೆ ಕಾರ್ಡು, ತಹಸೀಲ್ದಾರರಿಗೆ ಅರ್ಜಿ, ತೀರಿಕೊಂಡವರ ಶ್ರದ್ಧಾಂಜಲಿ ಫ್ಲೆಕ್ಸು ಟೈಪ್ ಮಾಡಿ ಮಾಡಿ ವಾಣಿಶ್ರೀಯ ಬೆರಳಿಗೆ ಕಣ್ಣು ಬಂದಂತಾಗಿತ್ತು. ಗಿರಾಕಿ ಅರ್ಧ ವಾಕ್ಯ ಹೇಳುವಷ್ಟರಲ್ಲಿ ಉಳಿದರ್ಧ ಪರದೆಯ ಮೇಲೆ ಮೂಡಿರುತ್ತಿತ್ತು. "ಸದಾ ಹಸನ್ಮುಖಿ", "ಕುಟುಂಬದ ಆಧಾರಸ್ತಂಭ", "ಪರಂಪರಾಗತವಾಗಿ ಬಂದ ವಿದ್ಯೆ" ಎಂಬಂಥ ಮಾತುಗಳನ್ನು ಅವಳು ಹುಡುಕಬೇಕಾಗಿರಲಿಲ್ಲ, ಅವೇ ಬಂದು ಕೂರುತ್ತಿದ್ದವು. ಆದರೆ ತನ್ನದು ಅನ್ನುವಂಥ ಒಂದು ಪುಟವನ್ನು ಅವಳು ಎಂದೂ ಬರೆದಿರಲಿಲ್ಲ.

ಬರೆಯುವ ಆಸೆ ಹುಟ್ಟಿದ್ದು ಶಿಗ್ಗಾಂವಿಯ ಒಂದು ಶಿಬಿರದಲ್ಲಿ. ಆನ್‌ಲೈನ್ ವಿಶ್ವಕೋಶಕ್ಕೆ ಕನ್ನಡದಲ್ಲಿ ಲೇಖನ ಬರೆಯುವುದು ಹೇಗೆ ಎಂದು ಹೊಸಬರಿಗೆ ಹೇಳಿಕೊಡುವ ಶಿಬಿರ. ಅದರ ಬ್ಯಾನರ್ ಮಾಡಿಕೊಟ್ಟವಳು ವಾಣಿಶ್ರೀಯೇ. "ಬ್ಯಾನರ್ ತಗೊಂಡು ನೀವೂ ಬರ್ರಿ, ಕನ್ನಡ ಟೈಪಿಂಗ್ ಬರೋವ್ರು ಬೇಕಾಗ್ಯಾರ" ಎಂದು ಶಿಬಿರದವರು ಕರೆದರು, ಹೋದಳು. ಹೇಳಿಕೊಟ್ಟವರು ಹಿರೇಕೆರೂರಿನ ಕನ್ನಡ ಉಪನ್ಯಾಸಕ ಮಾಲತೇಶ. ಸಂಬಳವಿಲ್ಲದ ಈ ಕೆಲಸಕ್ಕೆ ವರ್ಷಗಳಿಂದ ರಜೆಗಳನ್ನೆಲ್ಲ ಸುರಿದ ಮನುಷ್ಯ.

"ಮೊದಲನೇ ಲೇಖನಾ ಪ್ರಯೋಗಪುಟದಾಗ ಬರೀರಿ. ಅಲ್ಲಿ ತಪ್ಪಾದ್ರ ಯಾರೂ ಬೈಯೂದಿಲ್ಲ," ಎಂದು ಅವರು ನಿಧಾನವಾಗಿ ಶುರುಮಾಡಿದರು. "ಹೊಗಳಬ್ಯಾಡ್ರಿ, ತೆಗಳಬ್ಯಾಡ್ರಿ, ಇದ್ದದ್ದು ಇದ್ದಂಗ ಬರೀರಿ. ನಿಮ್ಮ ಬಗ್ಗೆ, ನಿಮ್ಮ ಮನಿಯವರ ಬಗ್ಗೆ ಬರಿಯಾಕ ಹೋಗಬ್ಯಾಡ್ರಿ. ಒಂದೊಂದು ಮಾತಿಗೂ ಉಲ್ಲೇಖ ಬೇಕು. ಉಲ್ಲೇಖ ಅಂದ್ರ ಪುಸ್ತಕ, ಪೇಪರು, ಒಟ್ಟು ಬ್ಯಾರೇದವರು ಅಚ್ಚು ಹಾಕಿದ್ದು. ಗೊತ್ತಿರಲಾರದ್ದನ್ನ ಖಾಲಿ ಬಿಡ್ರಿ. ಖಾಲಿ ಬಿಟ್ರ ಮುಂದ ಯಾರರ ತುಂಬತಾರ. ತಪ್ಪು ತುಂಬಿದ್ರ ತಗಿಯೂದು ಭಾಳ ತ್ರಾಸು."

ಆಮೇಲೆ ಒಬ್ಬೊಬ್ಬರನ್ನೇ ಕೇಳಿದರು: ನಿಮ್ಮ ಕಡೆಯ ಯಾವ ಸಂಗತಿ ಇದರಲ್ಲಿ ಇಲ್ಲ, ಇರಬೇಕಿತ್ತು? ಕೆಲವರು ಗುಡಿ ಹೇಳಿದರು, ಕೆಲವರು ಕೆರೆ ಹೇಳಿದರು. ವಾಣಿಶ್ರೀಯ ಬಾಯಿಂದ ಬಂದದ್ದು ಒಂದೇ ಹೆಸರು. ಮುದಕವ್ವ.

ಮುದಕವ್ವ ತಡಸದ ಸೂಲಗಿತ್ತಿ. ವಾಣಿಶ್ರೀಯನ್ನು ಭೂಮಿಗೆ ತಂದ ಕೈ ಅವಳದು. ವಾಣಿಶ್ರೀಯ ಓರಗೆಯವರಲ್ಲಿ ಅರ್ಧ ಊರು ಅದೇ ಕೈಯಲ್ಲಿ ಇಳಿದದ್ದು. ಆಂಬುಲೆನ್ಸು ಬಂದು, ಹೆರಿಗೆಯೆಲ್ಲ ಆಸ್ಪತ್ರೆಗೆ ಹೋದ ಮೇಲೆ ಅವಳನ್ನು ಕರೆಯುವವರು ಇಲ್ಲವಾದರು. ಕರೆಯದಿದ್ದರೂ ಅವಳು ಬಾಣಂತಿಯರ ಮನೆಗೆ ಹೋಗಿ ಕೂಸಿಗೆ ಎಣ್ಣೆ ತಿಕ್ಕಿ ಬರುತ್ತಿದ್ದಳು. ಈಗ ಅದಕ್ಕೂ ಕೈಲಾಗದೆ ಮೈದುನನ ಮೊಮ್ಮಗ ಆನಂದನ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾಳೆ.

ಆ ವಾರವೆಲ್ಲ ವಾಣಿಶ್ರೀ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದಳು. ಹುಟ್ಟಿದ ಊರು, ಮದುವೆಯಾಗಿ ಬಂದ ಊರು, ಮಾಡಿದ ಕೆಲಸ. ವಿದ್ಯೆ ಕಲಿತದ್ದು ಯಾರಿಂದ ಎಂಬಲ್ಲಿಗೆ ಬಂದಾಗ ಅವಳಿಗೆ ಗೊತ್ತಿರಲಿಲ್ಲ. ಮುಂದಿನ ಸಲ ತಡಸಕ್ಕೆ ಹೋದಾಗ ಕೇಳಿದರಾಯಿತು ಎಂದುಕೊಂಡಳು. ಆದರೆ ಬೆರಳು ಕೇಳಲಿಲ್ಲ. "ಅತ್ತೆಯವರಿಂದ ಪರಂಪರಾಗತವಾಗಿ ಬಂದ ವಿದ್ಯೆಯನ್ನು ಮುಂದುವರಿಸಿದರು" ಎಂಬ ಸಾಲು ಕೂತುಬಿಟ್ಟಿತು. ಓದಲು ಚೆನ್ನಾಗಿತ್ತು. ಲೇಖನ ತುಂಬಿದಂತೆ ಕಂಡಿತು. ಆ ಖುಷಿಯಲ್ಲೇ ಪ್ರಯೋಗಪುಟದಿಂದ ತೆಗೆದು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿದಳು.

ಮರುದಿನ ನೋಡಿದರೆ ಲೇಖನದ ನೆತ್ತಿಯ ಮೇಲೆ ಒಂದು ಎಚ್ಚರಿಕೆಯ ಪಟ್ಟಿ. ವಿಶ್ವಾಸಾರ್ಹ ಉಲ್ಲೇಖಗಳಿಲ್ಲ, ಸೇರಿಸದಿದ್ದರೆ ಅಳಿಸಲಾಗುವುದು. ಮುದಕವ್ವನ ಬಗ್ಗೆ ಯಾರು ಯಾವ ಕಾಲಕ್ಕೆ ಅಚ್ಚು ಹಾಕಿದ್ದರು? ವಾಣಿಶ್ರೀ ಪರದೆಯ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾಗಲೇ ಮೃತ್ಯುಂಜಯ ಝೆರಾಕ್ಸಿಗೆ ಬಂದ. ಶಿಗ್ಗಾಂವಿಯಿಂದ ಜಿಲ್ಲೆಯ ಒಂದು ಪತ್ರಿಕೆಗೆ ಸುದ್ದಿ ಬರೆಯುವವನು, ಹಳೆಯ ಪರಿಚಯ. ಸಂಗತಿ ಕೇಳಿ ನಕ್ಕ.

"ಅಷ್ಟ ಅಲ್ಲೇನ್ರಿ ಅಕ್ಕಾರ? ಉಲ್ಲೇಖ ಬೇಕಂದ್ರ ನಾ ಕೊಡ್ತೇನಿ. ಬರದದ್ದನ್ನ ನನ್ನ ಫೋನಿಗೆ ಹಾಕ್ರಿ."

"ನೀವು ಒಮ್ಮಿ ತಡಸಕ್ಕ ಹೋಗಿ ಮುದಕವ್ವ ಆಯೀನ್ನ ಮಾತಾಡಿಸಿ ಬರೀರಲ್ಲ."

"ಹೋಗೇ ಬರೀತೇನ್ರಿ," ಎಂದ ಅವನು.

ಹೋದದ್ದು ಫೋಟೋಕ್ಕೆ ಮಾತ್ರ. ಸುದ್ದಿ ಬಂದಾಗ ಮುದಕವ್ವ ಕಟ್ಟೆಯ ಮೇಲೆ ಕೂತ ಚಿತ್ರ ದೊಡ್ಡದಾಗಿ ಇತ್ತು, ಕೆಳಗಿನ ಅಕ್ಷರಗಳೆಲ್ಲ ವಾಣಿಶ್ರೀಯವು. ಅವಳಿಗೆ ಆಗ ಅದು ತಪ್ಪೆಂದು ಹೊಳೆಯಲಿಲ್ಲ. ತನ್ನ ಸಾಲು ಪತ್ರಿಕೆಯಲ್ಲಿ ಬಂತಲ್ಲ ಎಂದು ಹಿಗ್ಗಿದಳು. ಉಲ್ಲೇಖ ಸೇರಿಸಿದಳು. ಪಟ್ಟಿ ಹೋಯಿತು. ಮಾಲತೇಶ ಫೋನು ಮಾಡಿ, "ಮೊದಲನೇ ಲೇಖನಾನ ನಿಂತತಲ್ರಿ! ಎಷ್ಟೋ ಮಂದೀದು ಇಲ್ಲೇ ಮುರದ ಬೀಳತೈತಿ," ಎಂದು ಸಂತೋಷಪಟ್ಟರು. ಆನಂದ ಪತ್ರಿಕೆಯ ತುಂಡನ್ನು ತಂದು ಅವಳ ಅಂಗಡಿಯಲ್ಲೇ ಲ್ಯಾಮಿನೇಷನ್ ಮಾಡಿಸಿಕೊಂಡು ಹೋದ. ಅವಳು ಅವನಿಂದ ಏನೂ ತೆಗೆದುಕೊಳ್ಳಲಿಲ್ಲ.

ಆ ಭಾನುವಾರ ಸವಣೂರಿನ ಖಾರ ಕಟ್ಟಿಸಿಕೊಂಡು ತಡಸಕ್ಕೆ ಹೋದಳು. ಮುದಕವ್ವ ಎಂದಿನಂತೆ ತಲೆ ಸವರಲಿಲ್ಲ. ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದಳು.

"ಪೇಪರಿನ್ಯಾಗಿನದು ಓದಿ ಹೇಳಿದ್ರು. ಅದು ನೀ ಬರದದ್ದಂತಲ್ಲ?"

"ಹೌದಾಯಿ."

"ನಮ್ಮತ್ತಿ ಕಲಿಸಿದ್ಲು ಅಂತ ಯಾರು ಹೇಳಿದ್ರು ನಿನಗ?"

ವಾಣಿಶ್ರೀಗೆ ಯಾರೂ ಹೇಳಿರಲಿಲ್ಲ.

"ನಮ್ಮತ್ತಿ ನನಗ ಕಲಿಸಿದ್ದು ಬಾಗಲಾ ಬಡಿಯೂದು," ಎಂದಳು ಮುದಕವ್ವ. "ಹಡಿಯೂ ಮನಿಗೆ ಹೋಗಿ ಬಂದ್ರ ಒಳಗ ಕರಕೊಳ್ತಿರಲಿಲ್ಲ. ಕಂಡವರ ಮನಿ ಸೂತಕ ಹೊತಗೊಂಡ ಬಂದಾಳ ಅಂತಿದ್ಲು. ದನದ ಕೊಟಗ್ಯಾಗ ಎಷ್ಟ ರಾತ್ರಿ ಮಲಗೇನೋ! ನನಗ ಕಲಿಸಿದಾಕಿ ಹಲೀಮಾಬಿ, ನನಗಿಂತ ಮೊದಲಿನ ಸೂಲಗಿತ್ತಿ. ನನ್ನ ಚೊಚ್ಚಲ ಹೆರಿಗ್ಯಾಗ ಕೂಸು ಅಡ್ಡಾಗಿತ್ತು, ಎಲ್ಲಾರೂ ಕೈಬಿಟ್ಟಿದ್ರು. ಆಕಿ ಬಂದು ಕೈಗೆ ಎಣ್ಣಿ ಹಚಗೊಂಡು ತಿರುವಿ ತಗದ್ಲು. ಕೂಸು ಉಳೀಲಿಲ್ಲ, ನಾ ಉಳದೆ. ಎದ್ದು ಅಡ್ಡ್ಯಾಡುವಂಗ ಆದಮ್ಯಾಲ ಆಕಿ ಬೆನ್ನ ಹತ್ತಿದೆ. ನಿನ್ನನ್ನ ತಗದದ್ದು ಈ ಕೈ ಖರೆ. ಈ ಕೈಗೆ ದಾರಿ ತೋರಿಸಿದಾಕಿ ಆಕಿ. ನೀ ಆಕೀನ್ನ ತಗದು ನಮ್ಮತ್ತೀನ್ನ ಕುಂದರಿಸಿದೆಲ್ಲವ್ವ."

ಬೈದಿದ್ದರೆ ವಾಣಿಶ್ರೀ ತಡೆದುಕೊಳ್ಳುತ್ತಿದ್ದಳು. ಮುದಕವ್ವ ಬೈಯಲಿಲ್ಲ. "ತಿದ್ದವಾ. ತಿದ್ದಾಕ ಬರ್ತೈತಲ್ಲ?" ಎಂದಷ್ಟೇ ಕೇಳಿದಳು.

"ಬರ್ತೈತಾಯಿ. ಇವತ್ತ ತಿದ್ದತೇನಿ," ಎಂದಳು ವಾಣಿಶ್ರೀ. ಯಾರು ಬೇಕಾದರೂ ತಿದ್ದಬಹುದು ಎಂಬುದೇ ಅಲ್ಲವೇ ಆ ವಿಶ್ವಕೋಶದ ಮೊದಲ ಮಾತು?

ಬಸ್ಸಿನಲ್ಲಿ ಕೂತೇ ಅತ್ತೆಯ ಸಾಲು ಅಳಿಸಿದಳು, ಹಲೀಮಾಬಿಯ ಹೆಸರು ಹಾಕಿದಳು. ಸವಣೂರಿನಲ್ಲಿ ಇಳಿದು ನೋಡುವಷ್ಟರಲ್ಲಿ ಹಳೆಯ ಸಾಲು ವಾಪಸು ಬಂದಿತ್ತು. ಎಲ್ಲಿಯವರೋ, ಯಾರೋ, ಸಭ್ಯವಾಗಿಯೇ ಬರೆದಿದ್ದರು: ಉಲ್ಲೇಖವಿರುವ ಮಾಹಿತಿಯನ್ನು ತೆಗೆಯಬೇಡಿ, ಹೊಸ ಮಾಹಿತಿಗೆ ಉಲ್ಲೇಖ ಕೊಡಿ. ಮತ್ತೆ ತಿದ್ದಿದಳು. ಮತ್ತೆ ವಾಪಸು. ಇನ್ನೊಮ್ಮೆ ತಿದ್ದಿದ್ದಕ್ಕೆ, ಹೀಗೇ ಮಾಡಿದರೆ ನಿಮ್ಮ ಖಾತೆಯನ್ನು ತಡೆಯಬೇಕಾದೀತು ಎಂಬ ಎಚ್ಚರಿಕೆ ಬಂತು. "ಮುದಕವ್ವನವರೇ ನನಗೆ ಹೇಳಿದ್ದಾರೆ" ಎಂದು ಚರ್ಚಾಪುಟದಲ್ಲಿ ಬರೆದಳು. ಬಾಯಿಮಾತು ಉಲ್ಲೇಖವಾಗುವುದಿಲ್ಲ ಎಂಬ ಉತ್ತರ ಬಂತು. ನಿಯಮ ಅವಳಿಗೆ ಗೊತ್ತೇ ಇತ್ತು. ಮಾಲತೇಶ ಮೊದಲ ದಿನವೇ ಹೇಳಿದ್ದರು.

ತೀರಿಹೋದ ಹಲೀಮಾಬಿಯ ಮಗ ಫಕ್ರುಸಾಬ ಸವಣೂರಿನಲ್ಲೇ ವೀಳ್ಯದೆಲೆಯ ತೋಟದಲ್ಲಿ ಇದ್ದಾನೆಂದು ವಿಚಾರಿಸಿ ತಿಳಿದುಕೊಂಡು ಹುಡುಕಿಕೊಂಡು ಹೋದಳು. ಎಪ್ಪತ್ತು ದಾಟಿದ ಮನುಷ್ಯ, ಬಳ್ಳಿಯ ನೆರಳಿನಲ್ಲಿ ಕೂತು ಎಲೆ ಜೋಡಿಸುತ್ತಿದ್ದ.

"ಕಾಕಾ, ನಿಮ್ಮವ್ವನ ಹೆಸರು ಎಲ್ಲೆರ ಅಚ್ಚಾಗಿತ್ತೇನ್ರಿ? ಯಾರರ ಸನ್ಮಾನಾ ಮಾಡಿದ್ದು, ಪೇಪರಿನ್ಯಾಗ ಬಂದದ್ದು?"

"ನಮ್ಮವ್ವನ್ನ ಯಾರ ಸನ್ಮಾನಾ ಮಾಡ್ತಾರ ತಂಗಿ? ಕೂಸು ಹುಟ್ಟಿದ್ರ ಒಂದು ಸೇರು ಜೋಳ ಕೊಡೋರು, ಅದ ಸನ್ಮಾನಾ. ಒಂದು ಫೋಟೋ ಇತ್ತು, ಮಳಿಗೆ ಮನಿ ಬಿದ್ದಾಗ ಅದೂ ಹೋತು." ಅವನು ಎಲೆಗಳನ್ನು ಕೆಳಗಿಟ್ಟ. "ಮುದಕವ್ವನ ಸುದ್ದಿ ಚಾದ ಅಂಗಡ್ಯಾಗ ನೋಡಿದೆ. ನಮ್ಮವ್ವ ಆಕೀನ್ನ ಮಗಳು ಅಂತ ಕರೀತಿದ್ಲು. ಎಲ್ಲೆರ ಹೆಸರು ಬಂದೀತಂತ ಎರಡೆರಡು ಸಲ ಓದಿಸಿದೆ. ಇರಲಿಲ್ಲ."

ವಾಣಿಶ್ರೀ ತಲೆ ತಗ್ಗಿಸಿದಳು. ಬರೆದವಳು ತಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಅವನು ಕೊಟ್ಟ ಎಲೆ ಕಟ್ಟು ಹಿಡಿದುಕೊಂಡು ಬಂದಳು.

ಇನ್ನು ಉಳಿದದ್ದು ಮೃತ್ಯುಂಜಯ. ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಹಾಕಿಸಿ ಎಂದು ಕೇಳಿದಳು. ಮೇಲಿನವರನ್ನು ಕೇಳುತ್ತೇನೆ ಎಂದ. ಕೇಳಿದನೋ ಇಲ್ಲವೋ, ಕೆಲವು ದಿನ ಬಿಟ್ಟು ತಾನೇ ಅಂಗಡಿಗೆ ಬಂದು ದನಿ ತಗ್ಗಿಸಿ ಹೇಳಿದ: "ಬ್ಯಾಡ ಬಿಡ್ರಿ ಅಕ್ಕಾರ. ಆಕಿ ಅತ್ತಿ ಮನಿಯವರು ಖುಷಿಯಾಗ್ಯಾರ, ಗ್ವಾಡಿಗೆ ಹಾಕ್ಯಾರ. ಅವರದ ದೂರಿಲ್ಲ. ಈಗ ಅತ್ತಿ ಅಲ್ಲ, ಹಲೀಮಾಬಿ ಅಂತ ಹಾಕಿದ್ರ ಮಾತಿಗೆ ಮಾತು ಬೆಳೀತಾವು. ಈ ದಿನಮಾನದಾಗ ಯಾಕ ಬೇಕ್ರಿ?"

"ಆಕೀನ ಹೇಳಾಕತ್ತಾಳಲ್ರಿ!"

"ಮುದುಕಿ. ನಾಳಿ ಬ್ಯಾರೆ ಹೇಳತೈತಿ," ಎಂದು ಅವನು ಗಾಡಿ ಹತ್ತಿದ.

ಕಡೆಗೆ ಮಾಲತೇಶರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ಸಾಲು ಊಹೆಯಿಂದ ಬರೆದದ್ದು, ಪತ್ರಿಕೆಯವನು ಅದನ್ನೇ ಎತ್ತಿ ಹಾಕಿದ್ದು, ತಾನು ಅದನ್ನೇ ಉಲ್ಲೇಖವೆಂದು ಕೊಟ್ಟದ್ದು. ಅವರು ಪುಟದ ಇತಿಹಾಸ ತೆರೆದು ನೋಡಿದರು.

"ಇದನ್ನ ಹೇಳಿದ್ರ ಒಪ್ಪತಾರ," ಎಂದರು ಆಮೇಲೆ. "ಪುಟದ ಇತಿಹಾಸದಾಗ ತಾರೀಖು ಐತಿ. ನಿಮ್ಮ ಬರಹ ಮೊದಲು, ಪೇಪರು ಆಮ್ಯಾಲ. ಆದ್ರ ಹಂಗಾದ್ರ ಆ ಉಲ್ಲೇಖಾನ ಸುಳ್ಳಾತಲ್ರಿ. ಅದೊಂದನ್ನ ಬಿಟ್ರ ಮತ್ತೇನೈತಿ ನಮ್ಮ ಕಡೆ? ಪುಟಾನ ಹೋಗತೈತಿ."

"ಅಂದ್ರ ಸುಳ್ಳು ಇಟಗೊಂಡ್ರ ಆಯಿ ಇರ್ತಾಳ. ಖರೆ ಹೇಳಿದ್ರ ಆಕೀನೂ ಇಲ್ಲ, ಹಲೀಮಾಬೀನೂ ಇಲ್ಲ."

"ನಿಯಮಾ ತಪ್ಪಲ್ಲ ವಾಣಿಶ್ರೀಯವರ. ಅದು ಇರಲಿಲ್ಲಂದ್ರ ಯಾರು ಬೇಕಾದವರು ಏನು ಬೇಕಾದ್ದು ಬರೀತಾರ. ಆದ್ರ ಅಚ್ಚಿಗೆ ಬರಲಾರದ ಇಂಥಾ ಮಂದಿ ಅದರಾಗ ಬಿಟ್ಟು ಹೋಗತಾರ," ಎಂದರು.

ಅವಳು ಮತ್ತೆ ತಡಸಕ್ಕೆ ಹೋದಳು. ಉಲ್ಲೇಖ, ಚರ್ಚಾಪುಟ ಎಂದೆಲ್ಲ ಹೇಳಿದರೆ ಮುದಕವ್ವನಿಗೆ ತಿಳಿಯುವುದು ಹೇಗೆ? ಪುಟ ಇರಬೇಕಾದರೆ ಅತ್ತೆಯ ಹೆಸರಿನ ಜೊತೆ ಇರಬೇಕು, ಇಲ್ಲವಾದರೆ ಪೂರ್ತಿ ತೆಗೆಯಬೇಕು ಎಂದಷ್ಟೇ ಹೇಳಿದಳು. ಗೋಡೆಯ ಮೇಲೆ ಲ್ಯಾಮಿನೇಷನ್ ಮಾಡಿದ ತುಂಡು ಮಿಂಚುತ್ತಿತ್ತು. ಮುದಕವ್ವ ಅದರ ಕಡೆಗೆ ನೋಡಲಿಲ್ಲ.

"ತಗದು ಬಿಡು," ಎಂದಳು.

"ಎಲ್ಲಾ ಹೋಗತೈತಾಯಿ. ನಿನ್ನ ಹೆಸರೂ."

"ಇಷ್ಟ ದಿನಾ ಇತ್ತೇನು? ತಗಿ ಯವ್ವ."

ವಾಣಿಶ್ರೀ ಚರ್ಚಾಪುಟದಲ್ಲಿ ಇದ್ದದ್ದನ್ನು ಇದ್ದಂತೆ ಬರೆದಳು. ಹೊಗಳಿಕೆಯಿಲ್ಲದೆ, ತಪ್ಪು ತನ್ನದೆಂದು. ಅವಳು ಈ ತನಕ ಬರೆದದ್ದರಲ್ಲಿ ಸಿದ್ಧ ಮಾತು ಒಂದೂ ಇಲ್ಲದ ಬರಹ ಅದೊಂದೇ. ಕೆಲವು ದಿನಗಳಲ್ಲಿ ಪುಟ ಹೋಯಿತು, ಅದರ ಜೊತೆಗೆ ಚರ್ಚಾಪುಟವೂ ಹೋಯಿತು. ಹಲೀಮಾಬಿಯ ಹೆಸರು ಇದ್ದದ್ದು ಅಲ್ಲೊಂದೇ ಕಡೆ.

ಆದರೆ ಪತ್ರಿಕೆಯ ಸುದ್ದಿ ಎಲ್ಲಿಗೂ ಹೋಗಲಿಲ್ಲ. ಯಾವ್ಯಾವೋ ಜಾಲತಾಣಗಳು ಅದನ್ನು ನಕಲು ಮಾಡಿಕೊಂಡಿದ್ದವು. ಫೋನಿನಲ್ಲಿ ತಡಸದ ಸೂಲಗಿತ್ತಿ ಎಂದು ಹುಡುಕಿದರೆ ಮೊದಲು ಬರುವುದೇ ಅತ್ತೆಯವರಿಂದ ಬಂದ ವಿದ್ಯೆ. ಶಂಭುಲಿಂಗ, "ಹೋಗ್ಲಿ ಬಿಡ, ನೀ ಏನ್ ಮಾಡ್ತೀ ಅದಕ್ಕ" ಎಂದ. ಸಮಾಧಾನಕ್ಕೆ ಹೇಳಿದ್ದು. ಏನೂ ಮಾಡಲಾಗದು ಎಂಬುದು ಅವಳಿಗೆ ಅದರಿಂದ ಇನ್ನಷ್ಟು ಖಾತ್ರಿಯಾಯಿತು.

ಮಳೆಗಾಲ ಕಳೆದ ಮೇಲೆ ಮಾಲತೇಶ ಹಾನಗಲ್ಲಿನಲ್ಲಿ ಹೊಸಬರಿಗೆ ಮತ್ತೊಂದು ಶಿಬಿರ ಇಟ್ಟರು. "ನಿಮ್ಮ ಅನುಭವಾ ಹೇಳ್ರಿ, ಅವರಿಗೆ ಉಪಯೋಗ ಆಗತೈತಿ," ಎಂದು ವಾಣಿಶ್ರೀಯನ್ನು ಕರೆದರು. ಒಲ್ಲೆ ಎಂದಳು, ಅವರು ಬಿಡಲಿಲ್ಲ. ಮುಂದೆ ಕಾಲೇಜು ಹುಡುಗಿಯರು ಕೂತಿದ್ದರು.

"ಜೀವಂತ ಇರೋರ ಬಗ್ಗೆ ಬರಿಯೂದಿದ್ರ ಮೊದಲು ಹೋಗಿ ಅವರನ್ನ ಕೇಳ್ರಿ," ಎಂದಳು. "ಗೊತ್ತಿಲ್ಲಂದ್ರ ಆ ಜಾಗಾ ಖಾಲಿ ಬಿಡ್ರಿ. ಚಂದ ಕಾಣಲಿ ಅಂತ ತುಂಬಬ್ಯಾಡ್ರಿ."

ಮೊದಲ ಸಾಲಿನಲ್ಲಿ ಕೂತ ಭಾಗ್ಯಶ್ರೀ ಎಂಬ ಹುಡುಗಿ ಎದ್ದು ನಿಂತಳು. "ಕೇಳಿ ಬರದ್ರೂ ಬಾಯಿಮಾತು ಉಲ್ಲೇಖ ಆಗೂದಿಲ್ಲ ಅಂತ ಸರ್ ಈಗರ ಹೇಳಿದ್ರಲ್ರಿ ಮೇಡಂ. ಮತ್ತ ಕೇಳಿ ಏನ್ ಮಾಡೂದ್ರಿ?"

ವಾಣಿಶ್ರೀ ಮಾಲತೇಶರ ಕಡೆ ನೋಡಿದಳು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ನನಗೂ ಗೊತ್ತಿಲ್ಲ ತಂಗಿ," ಎಂದಳು ವಾಣಿಶ್ರೀ.

ಹುಡುಗಿ ಕೂತಳು. ಮಾಲತೇಶ ಎದ್ದು ಬಂದು, ಲೇಖನಕ್ಕೆ ಚಿತ್ರ ಸೇರಿಸುವುದು ಹೇಗೆ ಎಂದು ತೋರಿಸತೊಡಗಿದರು.