ಎಣ್ಣೆಯ ಪಾತ್ರೆಗೆ ತುಕ್ಕು

ಎಣ್ಣೆ ಸವರಿದ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದು ಐವತ್ತು ವರ್ಷದಿಂದ ನಂಬಿಕೊಂಡು ಬಂದವಳು ನಾನು. ನನ್ನ ರೊಟ್ಟಿ ಹೆಂಚು, ನನ್ನ ಬಾಣಲೆ, ಅತ್ತೆಯ ಕಾಲದ ಈಳಿಗೆಮಣೆ ಎಲ್ಲವೂ ಈ ನಂಬಿಕೆಯ ಮೇಲೆಯೇ ಬದುಕಿ ಉಳಿದಿವೆ. ಹೀಗಿರುವಾಗ ಒಂದು ಬೆಳಿಗ್ಗೆ ಗೋಪಾಳ ಬಡಾವಣೆಯ ನಮ್ಮ ಮನೆಯೆದುರು, ಕಾರು ನಿಲ್ಲಿಸುವ ಚಪ್ಪಡಿಯ ಮೇಲೆ, ಪೂರಿಯಗಲ ಕಪ್ಪು ಕಲೆ ಕಾಣಿಸಿತು. ಮರುದಿನ ಅದು ದೋಸೆಯಗಲವಾಯಿತು. ಮಗ ಮಹೇಶ ಬಗ್ಗಿ ನೋಡಿ, ಎಂಜಿನ್ನಿನ ಕೆಳಗೆ ಎಣ್ಣೆ ತುಂಬಿರುವ ಪಾತ್ರೆಯೊಂದಿದೆ, ಅದಕ್ಕೆ ತುಕ್ಕು ಹಿಡಿದು ತೂತಾಗಿದೆ ಎಂದ. ನನಗೆ ಸೋರಿದ್ದಕ್ಕಿಂತ ಈ ಮಾತೇ ದೊಡ್ಡದಾಯಿತು. ಹಗಲೂ ರಾತ್ರಿ ಎಣ್ಣೆಯನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಪಾತ್ರೆಗೆ ತುಕ್ಕು ಎಲ್ಲಿಂದ ಬರುತ್ತದೆ? ನೀವೇ ಹೇಳಿ.

ಆ ಪಾತ್ರೆಗೆ ಅಂಗಡಿಯವರು ಸಂಪ್ ಅನ್ನುತ್ತಾರಂತೆ, ಮೆಕ್ಯಾನಿಕ್‌ಗಳು ಚೇಂಬರ್ ಅನ್ನುತ್ತಾರಂತೆ. ಮೊದಲನೆಯದು ನಮ್ಮ ಮನೆಯಲ್ಲಿ ನೀರಿನ ತೊಟ್ಟಿ, ಎರಡನೆಯದು ವಕೀಲರು ಕೂರುವ ಕೋಣೆ. ಹೆಸರಿಗೇ ಇಷ್ಟು ಗೊಂದಲವಿರುವ ವಸ್ತುವಿನ ಮೇಲೆ ಒಂದು ಕಾರು ಹೇಗೆ ಧೈರ್ಯವಾಗಿ ಓಡಾಡುತ್ತದೋ ನಾ ಕಾಣೆ.

ಮಹೇಶನಿಗೆ ನನ್ನ ಪ್ರಶ್ನೆ ಬೇಕಿರಲಿಲ್ಲ, ಅವನ ಹತ್ತಿರ ಉತ್ತರ ಸಿದ್ಧವಾಗಿತ್ತು. ಈ ಪುಟ್ಟ ಡೀಸೆಲ್ ಕಾರನ್ನು ಮೂರು ವರ್ಷದ ಕೆಳಗೆ ನಮಗೆ ಮಾರಿದವನು ಸೊಸೆ ಸುಮಿತ್ರೆಯ ಅಣ್ಣ ರುದ್ರೇಶ. ಭದ್ರಾವತಿಯ ಕಾಗದನಗರದಲ್ಲಿ ಬೆಳೆದವನು, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಈಗ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿದ್ದಾನೆ. ಕಬ್ಬಿಣವನ್ನು ಕಣ್ಣಲ್ಲೇ ಅಳೆಯುವ ಮನುಷ್ಯನಿಗೆ ತನ್ನ ಕಾರಿನ ತುಕ್ಕು ಕಾಣದೆ ಇರುತ್ತದೆಯೇ, ಗೊತ್ತಿದ್ದೇ ನಮ್ಮ ತಲೆಗೆ ಕಟ್ಟಿದ್ದಾನೆ ಎಂಬುದು ಮಹೇಶನ ತೀರ್ಪು. ತೀರ್ಪಿನ ಜೊತೆಗೆ ಶಿಕ್ಷೆಯೂ ಬಂತು: ಮುಂದಿನ ಭಾನುವಾರ ಭದ್ರಾವತಿಯಲ್ಲಿ ರುದ್ರೇಶನ ಮಗಳ ನಿಶ್ಚಿತಾರ್ಥವಿತ್ತು, ಅದಕ್ಕೆ ನಮ್ಮ ಮನೆಯಿಂದ ಯಾರೂ ಹೋಗಕೂಡದು, ಸುಮಿತ್ರೆಯೂ.

ಆ ಹುಡುಗಿಗೆ ಮೊದಲ ಜಡೆ ಹೆಣೆದವಳು ಸುಮಿತ್ರೆ. ಎರಡು ದಿನ ಅವಳ ಬದಲು ಪಾತ್ರೆಗಳು ಮಾತಾಡಿದವು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಮಗನ ಕಡೆಗೇ ವಾಲುತ್ತಿದ್ದೆ, ಸುಳ್ಳೇಕೆ ಹೇಳಲಿ.

ಕಾರು ಸೋರುವ ವಿಷಯವನ್ನು ತಂಗಿಯಿಂದ ಫೋನಿನಲ್ಲಿ ಕೇಳಿದ ರುದ್ರೇಶ, ಎಣ್ಣೆ ಖಾಲಿಯಾದ ಗಾಡಿಯನ್ನು ಓಡಿಸಬೇಡಿ, ನಾನೇ ಬರುತ್ತೇನೆ ಎಂದಿದ್ದ. ಶಿಕ್ಷೆಯ ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ನಿಶ್ಚಿತಾರ್ಥಕ್ಕೆ ಒಂದು ವಾರ ಮೊದಲಿನ ಭಾನುವಾರ ಬೆಳಿಗ್ಗೆ ಹೊಸ ಚೇಂಬರನ್ನು ಅಕ್ಕಿಚೀಲದಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಮಹೇಶ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಜಗುಲಿಯ ಮೇಲೆ ಪೇಪರ್ ಅಗಲಿಸಿಕೊಂಡು ಪೊಲೀಸಿನಂತೆ ಕೂತ.

ನಾನು ಮಣೆ ಹಾಕಿಕೊಂಡು ಕಾರಿನ ಪಕ್ಕದಲ್ಲೇ ಕೂತೆ. ನನ್ನ ವಯಸ್ಸಿನಲ್ಲಿ ಹೊಸದೇನಾದರೂ ನೋಡಲು ಸಿಗುವುದು ಆಸ್ಪತ್ರೆಯಲ್ಲಿ ಮಾತ್ರ. ಮನೆಯೆದುರೇ ಒಂದು ಹೊಟ್ಟೆ ಬಿಚ್ಚುವ ಕೆಲಸ ನಡೆಯುವಾಗ ಒಳಗೆ ಕೂತು ಬೆಳ್ಳುಳ್ಳಿ ಸುಲಿಯುವುದು ನನ್ನಿಂದಾಗದು. ಜಾಕ್ ಏರಿಸಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಕಾರನ್ನು ಅಲುಗಾಡಿಸಿ ನೋಡಿ, ಆಮೇಲೇ ರುದ್ರೇಶ ಒಳಗೆ ನುಸುಳಿದ. ಬಟ್ಟೆ ನೆನೆಸುವ ಟಬ್ಬನ್ನು ನನ್ನಿಂದ ಕೇಳಿ ಪಡೆದು, ಉಳಿದ ಎಣ್ಣೆಯನ್ನು ಅದಕ್ಕೆ ಇಳಿಸಿದ. ಸುತ್ತಲಿನ ಪುಟ್ಟ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ನಾನು ಸಂಡಿಗೆ ಇಡುವ ಹಾಗೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಎಲ್ಲ ಬಿಚ್ಚಿದರೂ ಚೇಂಬರ್ ಬೀಳಲಿಲ್ಲ. ಏಕೆಂದು ಕೇಳಿದೆ. ಸೋರದಂತೆ ಅಂಚಿಗೆ ಹಚ್ಚಿದ ಪೇಸ್ಟು ಹಿಡಿದುಕೊಂಡಿದೆ, ಬೋಲ್ಟಿಗಿಂತ ಅದಕ್ಕೇ ಹಟ ಜಾಸ್ತಿ ಎಂದ. ತೆಳುವಾದ ಪಟ್ಟಿಯೊಂದನ್ನು ಸಂದಿಗೆ ತೂರಿಸಿ, ಮೆಲ್ಲಗೆ ಬಡಿದು, ಕೊನೆಗೂ ಅದನ್ನು ಬಿಡಿಸಿ ಈಚೆಗೆ ತಂದ.

ಒಳಮೈ ನನ್ನ ಬಾಣಲೆಯಂತೆ ಮಿರಮಿರನೆ ಮಿಂಚುತ್ತಿತ್ತು. ತುಕ್ಕಿದ್ದದ್ದು ಹೊರಗೆ, ಅದೂ ಮನೆ ಬಾಗಿಲ ಕಡೆಯ ಮಗ್ಗುಲಿಗೆ ಮಾತ್ರ. ಬೆರಳಿಟ್ಟರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕಿತ್ತು ಬಂತು. ರುದ್ರೇಶ ಅದನ್ನು ತಿರುಗಿಸಿ ನೋಡಿ, ಇಂಥದ್ದನ್ನು ಮಂಗಳೂರಿನ ಕಡೆಯ ಗಾಡಿಗಳಲ್ಲಿ ನೋಡಿದ್ದೇನೆ, ಬರಿಯ ಮಳೆನೀರಿಗೆ ಹೀಗಾಗುವುದಿಲ್ಲ ಎಂದ.

ಪೇಪರಿನ ಹಿಂದಿನಿಂದ ಮಹೇಶ ಹೇಳಿದ, "ನಾವ್ಯಾವ ಸಮುದ್ರಕ್ಕೂ ಹೋಗಿಲ್ಲ ಭಾವ. ಯಾರತ್ರ ಇದ್ದಾಗ ಹೋಗಿತ್ತೋ ಅವರಿಗೇ ಗೊತ್ತು."

ರುದ್ರೇಶ ಹಳೇ ಚೇಂಬರನ್ನು ಪಕ್ಕಕ್ಕಿಟ್ಟು ಬೋಲ್ಟುಗಳನ್ನು ಒರೆಸತೊಡಗಿದ. ಬಾಗಿಲಲ್ಲಿ ನಿಂತಿದ್ದ ಸುಮಿತ್ರೆ ಒಳಗೆ ಹೋದಳು.

ನನ್ನ ಕಣ್ಣು ಮಾತ್ರ ನೆಲದ ಮೇಲಿತ್ತು. ಒಂದು ಮಗ್ಗುಲಿಗೆ ಮಾತ್ರ ಏಕೆ? ಆ ಮಗ್ಗುಲ ಕೆಳಗೆ ಚಪ್ಪಡಿಯ ಸಂದಿಯುದ್ದಕ್ಕೂ ಬೆಳ್ಳನೆಯ ಪುಡಿ ಕೂತಿತ್ತು. ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟೆ. ಉಪ್ಪು. ನನ್ನದೇ ಉಪ್ಪು.

ವಿಷಯ ಇಷ್ಟೇ. ಚಪ್ಪಡಿಯ ಸಂದಿಯಲ್ಲಿ ಹುಲ್ಲು ಬರುತ್ತದೆ. ಬಗ್ಗಿ ಕೀಳಲು ನನ್ನ ಮಂಡಿ ಒಪ್ಪುವುದಿಲ್ಲ. ಮಿಡಿ ಉಪ್ಪಿನಕಾಯಿಯ ಜಾಡಿಯಲ್ಲಿ ಉಳಿದ ಹಳೇ ಉಪ್ಪುನೀರನ್ನು ಒಮ್ಮೆ ಅಲ್ಲಿ ಚೆಲ್ಲಿದಾಗ ಹುಲ್ಲು ಸುಟ್ಟು ಹೋದದ್ದನ್ನು ಕಂಡೆ. ಅಂದಿನಿಂದ ಜಾಡಿಯ ನೀರು ಮುಗಿದಾಗ ಕಲ್ಲುಪ್ಪನ್ನೇ ಹಿಡಿ ಹಿಡಿ ಹಾಕಿ ಕುದಿಸಿ, ಬೆಳಗಿನ ಹೊತ್ತು, ಕಾರು ಅಲ್ಲೇ ನಿಂತಿರುವಾಗ, ಬಾಗಿಲ ಕಡೆಯಿಂದ ಚೊಂಬಿನಲ್ಲಿ ಅದರಡಿಗೆ ಬೀಸಿ ಎರಚುತ್ತಿದ್ದೆ. ಬುಸ್ಸೆಂದು ಹಬೆ ಏಳುತ್ತಿತ್ತು, ನನಗೂ ಖುಷಿಯಾಗುತ್ತಿತ್ತು. ಬೀದಿಯ ನಾಲ್ಕು ಮನೆಗೆ ಈ ಉಪಾಯ ಹೇಳಿಕೊಟ್ಟು ಜಾಣೆ ಎನಿಸಿಕೊಂಡದ್ದೂ ಉಂಟು. ಮೂರು ವರ್ಷ ನಾನು ಆ ಪಾತ್ರೆಯನ್ನು ಹೊರಗಿನಿಂದ ಉಪ್ಪಿನಕಾಯಿ ಹಾಕಿದ್ದೆ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅತ್ತೆ ಎಂಬ ಪದವಿಯಲ್ಲಿ ಇಪ್ಪತ್ತು ವರ್ಷ ಕೂತವಳಿಗೆ ಇಳಿಯುವ ಮೆಟ್ಟಿಲು ತಕ್ಷಣ ಸಿಗುವುದಿಲ್ಲ.

ರುದ್ರೇಶ ಎಂಜಿನ್ನಿನ ಅಂಚಿನಿಂದ ಹಳೇ ಪೇಸ್ಟನ್ನು ಕೆರೆದು, ಒರೆಸಿ, ಹೊಸ ಚೇಂಬರಿನ ಬಾಯಿಗೆ ಚಕ್ಕುಲಿಯ ಎಳೆಯಂತೆ ಸಣ್ಣಗೆ ಪೇಸ್ಟು ಬಿಟ್ಟ. ಬೋಲ್ಟನ್ನು ಒಂದೇ ಸಲಕ್ಕೆ ಬಿಗಿಯಲಿಲ್ಲ; ಈ ಮೂಲೆಯದ್ದು ಸ್ವಲ್ಪ, ಎದುರು ಮೂಲೆಯದ್ದು ಸ್ವಲ್ಪ. ಒಂದೇ ಕಡೆ ಬಿಗಿದರೆ ಬಾಯಿ ಸೊಟ್ಟಗಾಗಿ ಮತ್ತೆ ಸೋರುತ್ತದಂತೆ. ಆಮೇಲೆ ಪೇಸ್ಟು ಒಣಗುವವರೆಗೆ ಎಣ್ಣೆ ಹಾಕುವ ಹಾಗಿಲ್ಲ ಎಂದು ಕೈ ಒರೆಸಿಕೊಂಡು ನನ್ನ ಪಕ್ಕದಲ್ಲಿ ಕೂತ. ಸುಮಿತ್ರೆ ತಂದಿಟ್ಟ ಕಾಫಿಯನ್ನು ಕುಡಿದು ಮುಗಿಸುವವರೆಗೂ ನಾನು ಅವನ ಮುಖವನ್ನೇ ನೋಡಿದೆ. ಅದರಲ್ಲಿ ಏನೂ ಸಿಗಲಿಲ್ಲ.

"ರುದ್ರೇಶ, ಆ ಉಪ್ಪು ಎಲ್ಲಿಂದ ಬಂತು ಅಂತ ನಿಂಗೆ ಗೊತ್ತಾಯ್ತಾ?" ಎಂದು ಮೆಲ್ಲಗೆ ಕೇಳಿದೆ.

"ಬೆಳಿಗ್ಗೆ ಒಳಗೆ ನುಸುಳಿದಾಗ್ಲೇ ಗೊತ್ತಾಯ್ತು ಅಮ್ಮ. ಅಂಗೈ ಊರಿದ್ರೆ ಹರಳು ಚುಚ್ತು. ನಾನೂ ನೆಕ್ಕಿ ನೋಡ್ದೆ. ಹುಲ್ಲಿಗೆ ಹಾಕ್ತೀರಿ ಅಂತ ಸುಮಿ ಯಾವತ್ತೋ ಹೇಳಿದ್ಲು."

"ಮತ್ತೆ ನನ್ ಮಗ ಅಷ್ಟು ಅಂದಾಗ ಬಾಯಿಗೇನಾಗಿತ್ತು ಮಾರಾಯ?"

ಅವನು ಲೋಟವನ್ನು ಪಕ್ಕಕ್ಕಿಟ್ಟ. "ನಾನು ಸಂಜೆ ಭದ್ರಾವತಿಗೆ ಹೋಗ್ತೀನಿ. ಸುಮಿ ಇಲ್ಲೇ ಇರ್ಬೇಕಲ್ಲ ಅಮ್ಮ."

ಆ ಮಾತು ನನಗೆ ಹಿಡಿಸಲಿಲ್ಲ. ಹಿಡಿಸದಿದ್ದುದು ಅದು ಸುಳ್ಳಾಗಿದ್ದರಿಂದಲ್ಲ. ನನ್ನ ಹೆಸರು ಹೇಳಿದರೆ ಅದರ ಬಿಸಿ ನಾಳೆಯಿಂದ ತಂಗಿಗೆ ತಟ್ಟುತ್ತದೆ ಎಂದು ಒಬ್ಬ ಮನುಷ್ಯ ಕಳ್ಳನೆನಿಸಿಕೊಂಡು ಬೋಲ್ಟು ಬಿಗಿಯುತ್ತಿದ್ದಾನೆ. ಅವನ ಲೆಕ್ಕದಲ್ಲಿ ನಾನು ಅಂಥ ಹೆಂಗಸು. ತಟ್ಟುತ್ತಿರಲಿಲ್ಲ ಎಂದು ಆಣೆ ಮಾಡಲು ನನಗೂ ಬಾಯಿ ಬರಲಿಲ್ಲ.

ಹಾಗಾಗಿ ಮಹೇಶನನ್ನು ಕೂಗಿ ಕರೆದೆ. ಮಣೆಯಿಂದ ಏಳದೆಯೇ, ಬೆರಳಲ್ಲಿ ಚಪ್ಪಡಿಯ ಬಿಳಿಯನ್ನು ತೋರಿಸಿ, ಜಾಡಿಯಿಂದ ಚೊಂಬಿನವರೆಗೆ ಎಲ್ಲವನ್ನೂ ಹೇಳಿದೆ. ಅವನು ನಂಬಲಿಲ್ಲ. ನೆಕ್ಕಿ ನೋಡು ಅಂದೆ. ನಲವತ್ತೈದು ವರ್ಷದ ಮಗ ಬಗ್ಗಿ, ಬೆರಳು ಅದ್ದಿ, ನೆಕ್ಕಿದ. ಅಲ್ಲಿಗೆ ಆ ಮನೆಯೆದುರು ಉಪ್ಪಿನ ರುಚಿ ಕಂಡವರು ಮೂವರಾದೆವು.

ಅವನು ಹಳೇ ಚೇಂಬರನ್ನು ಎತ್ತಿ ತಿರುಗಿಸಿ ನೋಡಿದ. ತಪ್ಪಾಯಿತು ಎನ್ನುವ ಮಾತು ನಮ್ಮ ವಂಶದ ಗಂಡಸರಿಗೆ ನಾಲಿಗೆಯ ತುದಿಗೆ ಬರುವುದಿಲ್ಲ, ಬೇರೆ ವೇಷದಲ್ಲಿ ಬರುತ್ತದೆ. ಕೊನೆಗೆ ಎಣ್ಣೆಯ ಕ್ಯಾನಿನ ಮುಚ್ಚಳ ತೆಗೆದು ರುದ್ರೇಶನ ಕೈಗೆ ಕೊಡುತ್ತಾ, "ಮುಂದಿನ ಭಾನುವಾರ ಎಷ್ಟೊತ್ತಿಗೆ ಭಾವ ಶಾಸ್ತ್ರ?" ಎಂದ.

ರುದ್ರೇಶ ಹತ್ತೂವರೆ ಎಂದು ಹೇಳುವಷ್ಟರಲ್ಲಿ ಬಾಗಿಲಿನಿಂದ ಸುಮಿತ್ರೆಯ ದನಿ ಕೇಳಿಸಿತು.

"ನಾನು ಶುಕ್ರವಾರಾನೇ ಹೋಗ್ತೀನಿ. ಬರೋದು ಸೋಮವಾರ."

ಕೇಳಿದ್ದಲ್ಲ, ಹೇಳಿದ್ದು. ಮಗ ನನ್ನ ಮುಖ ನೋಡಿದ. ನಾಲ್ಕು ದಿನ ಅಡುಗೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಉಪ್ಪು ಮಾತ್ರ ಅಳತೆ ನೋಡಿ ಹಾಕಿ ಎಂದಳು ಸೊಸೆ, ಒಂಚೂರೂ ನಗದೆ, ಮತ್ತು ಸೀರೆ ತೆಗೆದಿಡಲು ಒಳಗೆ ಹೋದಳು.